ಮಗಳೇ ಕರೆದಿದ್ದಾಳೆ, ಆದರೂ ಹಾಡಲು ಅಳುಕು

ಪ್ರಶ್ನೆ: ನನಗೆ 39 ವರ್ಷ, ಮಗಳಿಗೆ 11. ಹವ್ಯಾಸಿ ರಂಗತಂಡವೊಂದು ಮನೆಮಂದಿಯೆಲ್ಲ ಕೂತು ನೋಡುವಂಥ ಸಂಗೀತ ನಾಟಕ ಮಾಡುತ್ತಿದೆ. ದೊಡ್ಡವರಿಗೂ ಮಕ್ಕಳಿಗೂ ಆಡಿಷನ್ ಇದೆ. 'ಅಮ್ಮ, ನೀನೂ ಹಾಡಿದ್ರೆ ಮಾತ್ರ ನಾನೂ ಹಾಡ್ತೀನಿ' ಎಂದು ಮಗಳು ಹಟ ಹಿಡಿದಿದ್ದಾಳೆ. ನಾನು ಶಾಲೆಯಲ್ಲಿದ್ದಾಗ ಗುಂಪುಗಾಯನದ ತಾಲೀಮಿನಲ್ಲಿ ಟೀಚರ್ ಒಬ್ಬರು 'ನೀನು ಸುಮ್ಮನೆ ಬಾಯಿ ಆಡಿಸು, ದನಿ ಬೇಡ' ಎಂದಿದ್ದರು. ಅಂದಿನಿಂದ ನಾಲ್ಕು ಜನರ ಮುಂದೆ ಹಾಡಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹಾಡಿಕೊಳ್ಳುತ್ತೇನೆ, ಅಷ್ಟೆ. 'ಮಗುವಿಗೋಸ್ಕರ ಹೋಗು' ಎನ್ನುತ್ತಾರೆ ನನ್ನವರು. ನನ್ನಿಂದ ಅವಳಿಗೆ ಅವಮಾನವಾದರೆ ಎಂಬ ಭಯ ಒಂದು ಕಡೆ. ಇನ್ನೊಂದನ್ನು ಹೇಳಿಕೊಳ್ಳಲೂ ನಾಚಿಕೆ: ನಾನು ಆಯ್ಕೆಯಾಗಿ, ಅವಳು ಆಗದೇ ಹೋದರೆ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಹಾಡುವ ಆಸೆಯೇ ಇಲ್ಲದವರಿಗೆ ಆಯ್ಕೆಯಾಗಿಬಿಟ್ಟರೆ ಎಂಬ ಭಯ ಬರುವುದಿಲ್ಲ ಅಮ್ಮಾ. ನಿಮಗೆ ಹಾಡಬೇಕಾಗಿದೆ. ಮಗಳು ಹಟ ಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಬೇಕಾಗಿದೆ. ಬಹುಶಃ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡೇ ನಿಮ್ಮನ್ನು ಕರೆಯುತ್ತಿದ್ದಾಳೆ.

ಹಾಗಾಗಿ 'ಮಗುವಿಗೋಸ್ಕರ ಹೋಗು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಯಜಮಾನರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಹಾಗೆ ಹೋದರೆ ಭಾರವೆಲ್ಲ ಆ ಹನ್ನೊಂದು ವರ್ಷದ ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ನೀವು ಚೆನ್ನಾಗಿ ಹಾಡದಿದ್ದರೆ 'ನನ್ನಿಂದಾಗಿ ಅಮ್ಮನಿಗೆ ಹೀಗಾಯ್ತು' ಎಂದುಕೊಳ್ಳುತ್ತಾಳೆ. ಹೋಗುವುದಾದರೆ ನಿಮಗೋಸ್ಕರ ಹೋಗಿ, ಅದನ್ನು ಅವಳ ಎದುರು ಬಾಯಿಬಿಟ್ಟು ಹೇಳಿ: 'ನನಗೂ ಆಸೆ ಇದೆ ಕಣೇ, ಅದಕ್ಕೇ ಬರ್ತಿದ್ದೀನಿ.' ಮನೆಯಲ್ಲಿ ಮೊದಲು ಆಗಬೇಕಾದ ಮಾತು ಇದು.

ಆ ಟೀಚರ್ ವಿಷಯ. ಅವರು ಮಾಡಿದ್ದು ತಪ್ಪು. ಶ್ರುತಿಗೆ ದನಿ ಸೇರಿಸುವುದು ಕಲಿತರೆ ಬರುವ ವಿದ್ಯೆ. ಸ್ವರಗಳ ವ್ಯತ್ಯಾಸವೇ ಕಿವಿಗೆ ತಿಳಿಯದಂಥ ಹುಟ್ಟು ತೊಂದರೆ ಇರುವುದು ಬಹಳ ಕಡಿಮೆ ಜನಕ್ಕೆ. ಉಳಿದವರಿಗೆಲ್ಲ ಬೇಕಾದದ್ದು ಯಾರಾದರೂ ಪಕ್ಕದಲ್ಲಿ ಕೂತು 'ಇನ್ನೊಂದು ಸಲ ಕೇಳು, ಈಗ ಹಾಡು' ಎನ್ನುವುದು. ನಿಮಗೆ ಅದು ಸಿಗಲಿಲ್ಲ, ಬಾಯಿ ಆಡಿಸುವ ಅಪ್ಪಣೆ ಸಿಕ್ಕಿತು. ನಿಮ್ಮ ದನಿಯ ಬಗ್ಗೆ ಆಗ ಬಂದ ತೀರ್ಪು ಮೂವತ್ತು ವರ್ಷದ ನಂತರವೂ ಜಾರಿಯಲ್ಲಿರಬೇಕಾಗಿಲ್ಲ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. ಅದು ಬರೀ ಭ್ರಮೆ ಎಂದು ಸಮಾಧಾನ ಹೇಳಲಾರೆ. ಇಂಥ ನಾಟಕಗಳಿಗೆ ಮಕ್ಕಳು, ಅದರಲ್ಲೂ ಹುಡುಗಿಯರು, ಇರುವ ಪಾತ್ರಗಳಿಗಿಂತ ಎಷ್ಟೋ ಹೆಚ್ಚು ಬರುತ್ತಾರೆ. ಹಾಡಲು ಮುಂದೆ ಬರುವ ದೊಡ್ಡವರು ಅಷ್ಟು ಸಿಗುವುದಿಲ್ಲ. ಜೊತೆಗೆ, ಮಕ್ಕಳ ಆಯ್ಕೆಯಲ್ಲಿ ಪ್ರತಿಭೆಗೆ ಸಂಬಂಧವೇ ಇಲ್ಲದ ಲೆಕ್ಕಾಚಾರಗಳಿರುತ್ತವೆ. ಅಣ್ಣನ ಪಾತ್ರದ ಹುಡುಗನಿಗಿಂತ ತಂಗಿ ಎತ್ತರ ಇರಬಾರದು, ಅಮ್ಮನ ಪಾತ್ರದವರಿಗೆ ಮುಖಚಹರೆ ಹೊಂದಬೇಕು, ಐವರು ಸಾಲಾಗಿ ನಿಂತರೆ ಕಣ್ಣಿಗೆ ಒಂದು ಕುಟುಂಬ ಅನ್ನಿಸಬೇಕು. ನೀವು ಒಳಗೆ, ಅವಳು ಹೊರಗೆ ಎಂಬುದು ಖಂಡಿತ ಆಗಬಹುದಾದದ್ದು.

ಅದಕ್ಕೇ ಫಲಿತಾಂಶದ ದಿನದವರೆಗೆ ಕಾಯಬೇಡಿ. ಆಡಿಷನ್‌ಗೆ ನಾಲ್ಕು ದಿನ ಮೊದಲು, ಅವಸರವಿಲ್ಲದ ಹೊತ್ತಿನಲ್ಲಿ ಅವಳ ಪಕ್ಕ ಕೂತು ನೇರವಾಗಿ ಕೇಳಿ: 'ಇಬ್ಬರೂ ಸೆಲೆಕ್ಟ್ ಆದ್ರೆ ಖುಷಿ. ಇಬ್ಬರೂ ಆಗದಿದ್ರೆ ಜೊತೆಗೆ ಕೂತು ನಾಟಕ ನೋಡೋಣ. ನೀನು ಆಗಿ ನಾನು ಆಗದಿದ್ರೆ ನಾನು ಮೊದಲ ಸಾಲಲ್ಲಿ ಇರ್ತೀನಿ. ನಾನು ಆಗಿ ನೀನು ಆಗದಿದ್ರೆ? ಆಗ ನಿನಗೆ ಹೇಗನ್ಸುತ್ತೆ?' ಕೇಳಿದ ಮೇಲೆ ಸುಮ್ಮನಿರಿ. ಅವಳು ಬಹುಶಃ 'ಅಳು ಬರುತ್ತೆ' ಎನ್ನುತ್ತಾಳೆ. ಬರಲಿ. 'ನೀನು ಹೋಗಬೇಡ' ಎಂದರೂ ಎನ್ನಬಹುದು. ಆಗ ಅದು ಅವಳ ಗಟ್ಟಿ ಮಾತೋ, ಆ ಕ್ಷಣದ ಹೆದರಿಕೆಯೋ ಎಂದು ಎರಡು ದಿನ ಬಿಟ್ಟು ಮತ್ತೆ ಕೇಳಿ ನೋಡಿ.

ಆಡಿಷನ್ ಅರ್ಜಿಯನ್ನೂ ಸರಿಯಾಗಿ ಓದಿ. ಒಂದೇ ಮನೆಯಿಂದ ಬಂದವರಿಗೆ 'ಒಬ್ಬರು ಆಯ್ಕೆಯಾದರೂ ಒಪ್ಪುತ್ತೀರಾ, ಇಬ್ಬರೂ ಆದರೆ ಮಾತ್ರವೇ' ಎಂಬ ಪ್ರಶ್ನೆ ಹಲವು ಕಡೆ ಇರುತ್ತದೆ. ಇಲ್ಲದಿದ್ದರೆ ನೀವೇ ಒಂದು ಸಾಲು ಬರೆಯಬಹುದು. ಜೊತೆಗಿದ್ದರೆ ಮಾತ್ರ ಎಂದು ಬರೆದರೆ ಅದರಲ್ಲಿ ತಪ್ಪೇನಿಲ್ಲ, ಆಯ್ಕೆ ಮಾಡುವವರಿಗೂ ಅನುಕೂಲ. ಆದರೆ ಪಾತ್ರ ಕೊಟ್ಟ ಮೇಲೆ ಹಿಂದೆ ಸರಿಯಬೇಡಿ. ಒಬ್ಬರ ಹೆಸರು ಬದಲಾದರೆ ಇಡೀ ಪಾತ್ರ ಹಂಚಿಕೆಯನ್ನೇ ಅವರು ಮತ್ತೆ ಮಾಡಬೇಕಾಗುತ್ತದೆ.

ನನ್ನ ಮನಸ್ಸನ್ನು ಕೇಳಿದರೆ, 'ಒಬ್ಬರಾದರೂ ಸರಿ' ಎಂದೇ ಬರೆಯಿರಿ. ಅವಳಿಗೆ ಪಾತ್ರ ಸಿಗದಿದ್ದರೆ ರಂಗದ ಹಿಂದೆ ಕೆಲಸ ಇದ್ದೇ ಇರುತ್ತದೆ: ಸಾಮಗ್ರಿ ಜೋಡಿಸುವುದು, ಉಡುಪಿನ ಗುಂಡಿ ಹಾಕುವುದು, ನಿಮಗೆ ಮಾತು ಬಾಯಿಪಾಠ ಮಾಡಿಸುವುದು. ಆ ಅವಕಾಶ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ನಾನೂ ಹಿಂದೊಮ್ಮೆ ಇಂಥ ಆಯ್ಕೆಯ ಮೇಜಿನ ಹಿಂದೆ ಕೂತಿದ್ದೆ. ಐವತ್ತು ದಾಟಿದ ಒಬ್ಬರು ಬಂದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಹಿಡಿದ ಕಾಗದದ ಸದ್ದು ನಮಗೆ ಕೇಳಿಸುತ್ತಿತ್ತು. ಎರಡನೇ ಸಾಲಿನಲ್ಲೇ ತಪ್ಪಿದರು. ನಿಂತು, 'ಮೊದಲಿಂದ ಹಾಡ್ಲಾ?' ಎಂದು ಕೇಳಿದರು. ಹಾಡಿದರು, ದನಿ ಸಾಧಾರಣ. ನಿರ್ದೇಶಕರು 'ಇದನ್ನೇ, ಮಲಗಿರೋ ಮಗು ಎಚ್ಚರ ಆಗದ ಹಾಗೆ ಹಾಡಿ' ಎಂದರು. ಅವರು ಕಾಗದ ಕೆಳಗಿಟ್ಟು, ತಲೆ ಸ್ವಲ್ಪ ಬಾಗಿಸಿ, ಅರ್ಧ ದನಿಯಲ್ಲಿ ಹಾಡಿದರು. ಕೈ ನಡುಗುವುದು ನಿಂತಿತ್ತು. ಮೇಜಿನ ಹಿಂದಿದ್ದ ನಾವೆಲ್ಲ ಬರೆಯುವುದನ್ನು ನಿಲ್ಲಿಸಿ ಕೇಳಿದೆವು. ಅವರಿಗಿಂತ ಒಳ್ಳೆಯ ಕಂಠದವರಿಬ್ಬರು ಅವತ್ತು ಬಂದಿದ್ದರು. ಹೀಗೆ ಹಾಡಿ ಎಂದಾಗ ಮತ್ತೆ ಮೊದಲಿನಂತೆಯೇ ಹಾಡಿದ್ದರು. ವಾರಗಟ್ಟಲೆ ತಾಲೀಮು ಮಾಡಿಸಬೇಕಾದವರು ಹೇಳಿದ್ದನ್ನು ಕೇಳಿಸಿಕೊಳ್ಳುವವರನ್ನೇ ಹುಡುಕುತ್ತಾರೆ.

ಹಾಡಿನ ಬಗ್ಗೆ: ಸಾಮಾನ್ಯವಾಗಿ 16 ಅಥವಾ 32 ಬಾರ್ (ತಾಳದ ಆವರ್ತದಂಥ ಅಳತೆ, ಹೆಚ್ಚಾಗಿ ನಾಲ್ಕು ಎಣಿಕೆಗೆ ಒಂದು ಬಾರ್) ಕೇಳುತ್ತಾರೆ. ಮಧ್ಯಮ ಲಯದಲ್ಲಿ 16 ಬಾರ್ ಎಂದರೆ ಅರ್ಧ ನಿಮಿಷದಷ್ಟು. ಅಷ್ಟರಲ್ಲಿ ಮೇಲಿನ ಸ್ವರ ಮುಟ್ಟಿ ತೋರಿಸುವ ಸಾಹಸ ಬೇಡ. ಬೆಳಿಗ್ಗೆ ಎದ್ದ ಕೂಡಲೇ, ಗಂಟಲು ಇನ್ನೂ ಬಿಡದಿದ್ದಾಗಲೂ ಹಾಡಬಲ್ಲಂಥದ್ದನ್ನು ಆರಿಸಿ. ಶ್ರುತಿ ಮೇಲಾಯಿತೆನಿಸಿದರೆ ಇಳಿಸಿಕೊಳ್ಳಿ. ಟ್ರ್ಯಾಕ್ ಒಯ್ಯುವುದಾದರೆ ಗಾಯಕರ ದನಿ ಇಲ್ಲದ್ದನ್ನೇ ಒಯ್ಯಿರಿ, ಅದರ ಜೊತೆ ಕನಿಷ್ಠ ಹತ್ತು ಸಲ ಹಾಡಿರಿ. ಒಳಗೆ ಹೋದಮೇಲೆ 'ಗಂಟಲು ಸರಿಯಿಲ್ಲ, ಅಭ್ಯಾಸ ಇಲ್ಲ' ಎಂದು ಶುರು ಮಾಡಬೇಡಿ. ಹೆಸರು ಹೇಳಿ, ಹಾಡು ಯಾವುದೆಂದು ಹೇಳಿ, ಹಾಡಿ. ಕುಣಿತದ ಭಾಗದಲ್ಲಿ ಹೆಜ್ಜೆ ತಪ್ಪಿದರೆ ಮುಂದಿನ ಹೆಜ್ಜೆಗೆ ಸೇರಿಕೊಳ್ಳಿ, ಸಾಕು.

ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಬಡಿತ ಸ್ವಲ್ಪ ತಗ್ಗುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಾಡುವ ಮೊದಲು ಕೆಲವರಿಂದ 'ನನಗೆ ಆತಂಕ' ಎಂದೂ ಕೆಲವರಿಂದ 'ನನಗೆ ಉತ್ಸಾಹ' ಎಂದೂ ಹೇಳಿಸಿದ್ದರು. ಉತ್ಸಾಹ ಎಂದವರು ಸ್ವರಕ್ಕೆ ಹೆಚ್ಚು ಸರಿಯಾಗಿ ಹಾಡಿದರು. ಎರಡರಲ್ಲೂ ಎದೆ ಹೊಡೆದುಕೊಳ್ಳುವುದು ಒಂದೇ ತರಹ, ಕರೆದ ಹೆಸರು ಬೇರೆ. ತಾಯಿ ಮಗಳು ಇಬ್ಬರೂ ಬಾಗಿಲ ಹೊರಗೆ ಕೈ ಹಿಡಿದುಕೊಂಡು 'ನನಗೆ ಉತ್ಸಾಹ' ಎಂದು ಗಟ್ಟಿಯಾಗಿ ಹೇಳಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಮಕ್ಕಳ ಆಡಿಷನ್‌ಗೆ ತಂದೆತಾಯಿಯನ್ನು ಒಳಗೆ ಬಿಡದಿರುವುದೇ ಹೆಚ್ಚು. 'ಅಮ್ಮ ಇದ್ದರೆ ಹಾಡ್ತೀನಿ' ಎನ್ನುವ ಹುಡುಗಿಗೆ ಬಾಗಿಲಲ್ಲಿ ಇದು ಗೊತ್ತಾಗುವುದು ಬೇಡ, ಈಗಲೇ ಹೇಳಿಡಿ. ಮನೆಯಲ್ಲಿ ಅವಳು ಒಂದು ಕೋಣೆಯಲ್ಲಿ ಹಾಡಲಿ, ನೀವು ಮುಚ್ಚಿದ ಬಾಗಿಲಾಚೆ ನಿಂತಿರಿ. ನಾಲ್ಕೈದು ಸಲ ಹಾಗೆ ಮಾಡಿದರೆ ರೂಢಿಯಾಗುತ್ತದೆ. ಆಮೇಲೆ ಜಾಗ ಬದಲಿಸಿ, ನೀವು ಒಳಗೆ, ಅವಳು ಆಚೆ.

ತಾಲೀಮಿನ ದಿನಾಂಕಗಳ ಕಾಲಂ ತುಂಬುವಾಗ ನಿಮ್ಮವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರದರ್ಶನಕ್ಕೆ ಮುಂಚಿನ ವಾರ ಹೆಚ್ಚುಕಡಿಮೆ ಪ್ರತಿ ಸಂಜೆಯೂ ಅಲ್ಲೇ ಇರಬೇಕಾಗುತ್ತದೆ, ಮನೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ಈಗಲೇ ತೀರ್ಮಾನವಾಗಲಿ. 'ಹೋಗು' ಎಂದವರು ಅವರೇ ತಾನೆ.

ಅವಳು ಹಾಡಿ ಹೊರಬಂದಾಗ 'ಹೇಗಾಯ್ತು, ಏನಂದ್ರು' ಎಂದು ಮುಗಿಬೀಳಬೇಡಿ. ನೀರು ಕೊಡಿ. ಆಮೇಲೆ ನಿಮ್ಮ ಸರದಿ. ಯಾವ ಹಾಡು ಆರಿಸಿದಿರಿ ಎಂದು ನನಗೆ ಬರೆದು ತಿಳಿಸಿ.