ಆಟದ ದೃಶ್ಯಗಳಿಂದ ಸಿನಿಮಾದಂಥ ವಿಡಿಯೊ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿ. ಕಂಪ್ಯೂಟರಿನಲ್ಲಿ ಜಿಟಿಎ 5 ಆಡುತ್ತೇನೆ. ಇದೇ ಆಟದ ದೃಶ್ಯಗಳನ್ನು ಜೋಡಿಸಿ ಸಿನಿಮಾದಂತೆ ಕಾಣುವ ವಿಡಿಯೊ ಮಾಡುವವರನ್ನು ನೋಡಿ ನನಗೂ ಆಸೆಯಾಗಿದೆ. ಪರದೆಯನ್ನು ರೆಕಾರ್ಡ್ ಮಾಡಿ, ಮೇಲೂ ಕೆಳಗೂ ಕಪ್ಪು ಪಟ್ಟಿ ಹಾಕಿ, ಬಣ್ಣ ಬದಲಿಸಿ ನೋಡಿದೆ. ಆದರೂ ಅದು ಆಟ ಆಡಿದ ವಿಡಿಯೊದಂತೆಯೇ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ? ಯಾವ ಸಾಫ್ಟ್‌ವೇರ್ ಕಲಿಯಬೇಕು?
— ಓದುಗರು, ಹಾಸನ

ಉತ್ತರ: ತೊಂದರೆ ಇರುವುದು ಬಣ್ಣದಲ್ಲಲ್ಲ, ಕ್ಯಾಮೆರಾದಲ್ಲಿ. ಆಟ ನಡೆಯುವಾಗ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆಯೇ ಇರುತ್ತದೆ, ಏಕೆಂದರೆ ಎದುರಿಗೆ ಬರುವ ವಾಹನ, ತಿರುವು, ಶತ್ರು ಎಲ್ಲವೂ ಆಡುವವನಿಗೆ ಕಾಣಬೇಕು. ಸಿನಿಮಾದ ಕ್ಯಾಮೆರಾಕ್ಕೆ ಆ ಹೊಣೆಯಿಲ್ಲ. ನೋಡುವವರು ಈ ಕ್ಷಣದಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಇನ್ನೂ ನೋಡಬಾರದು ಎಂದು ನಿರ್ಧರಿಸಿಯೇ ಅದನ್ನು ಒಂದು ಜಾಗದಲ್ಲಿ ಇಡುತ್ತಾರೆ. ಆಡುತ್ತ ಆಡುತ್ತಲೇ ಚಿತ್ರೀಕರಿಸಲು ಹೋದರೆ ಈ ಎರಡರಲ್ಲಿ ಮೊದಲನೆಯದೇ ಗೆಲ್ಲುತ್ತದೆ. ಆದ್ದರಿಂದ ಮೊದಲು ಆಡಿ ಮುಗಿಸಿ, ಆಮೇಲೆ ಅದೇ ಘಟನೆಗೆ ಬಿಡುವಾಗಿ ಕ್ಯಾಮೆರಾ ಇಡುವುದನ್ನು ಕಲಿಯಿರಿ.

ಇದು ಹೊಸ ಉಪಾಯವೇನಲ್ಲ. 1996ರಲ್ಲಿ ಬಂದ ಕ್ವೇಕ್ ಆಟದಲ್ಲಿ ಡೆಮೊ ಎಂಬ ಕಡತವನ್ನು ಉಳಿಸಿಕೊಳ್ಳಬಹುದಿತ್ತು. ಅದರಲ್ಲಿ ಚಿತ್ರ ಇರುತ್ತಿರಲಿಲ್ಲ. ಯಾರು ಎಲ್ಲಿದ್ದರು, ಯಾವ ಕಡೆ ತಿರುಗಿದರು, ಯಾವಾಗ ಗುಂಡು ಹಾರಿಸಿದರು ಎಂಬ ವಿವರಗಳಷ್ಟೇ ಇರುತ್ತಿದ್ದವು. ಆ ವಿವರಗಳಿಂದ ಆಟವೇ ಇಡೀ ಘಟನೆಯನ್ನು ಮತ್ತೆ ಕಟ್ಟಿ ತೋರಿಸುತ್ತಿದ್ದುದರಿಂದ, ಕ್ಯಾಮೆರಾವನ್ನು ಬೇರೆ ಕಡೆ ಇಟ್ಟು ನೋಡಲು ಸಾಧ್ಯವೆಂದು ಆಟಗಾರರು ಅದೇ ವರ್ಷ ಕಂಡುಕೊಂಡು ಪುಟ್ಟ ಕಥಾಚಿತ್ರ ಮಾಡಿದರು. ಮಶಿನಿಮಾ ಎಂದು ಈಗ ಕರೆಯುವ ಪ್ರಕಾರ ಬೆಳೆದದ್ದು ಅಲ್ಲಿಂದ.

ನಿಮ್ಮ ಆಟದಲ್ಲಿ ಈ ಕೆಲಸಕ್ಕೆ ರಾಕ್‌ಸ್ಟಾರ್ ಎಡಿಟರ್ ಇದೆ. 2015ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಆವೃತ್ತಿಯ ಜೊತೆಯಲ್ಲೇ ಬಂದ ಈ ಸೌಲಭ್ಯಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಆಡುವಾಗ ಎಫ್1 ಒತ್ತಿದರೆ ದಾಖಲಾಗಲು ಶುರುವಾಗುತ್ತದೆ, ಮತ್ತೆ ಒತ್ತಿದರೆ ಕ್ಲಿಪ್ ಉಳಿಯುತ್ತದೆ. ಎಫ್2 ಒತ್ತಿ ಆಕ್ಷನ್ ರೀಪ್ಲೇ ಚಾಲೂ ಮಾಡಿಟ್ಟರೆ ಆಗಷ್ಟೇ ನಡೆದುಹೋದದ್ದನ್ನೂ ಉಳಿಸಿಕೊಳ್ಳಬಹುದು. ಬಳಿಕ ಎಡಿಟರ್ ತೆರೆದು, ಕ್ಲಿಪ್ಪಿನ ಮೇಲೆ ಬೇಕಾದ ಕಡೆ ಮಾರ್ಕರ್ ಹಾಕಿ, ಆ ಮಾರ್ಕರಿನಿಂದ ಮುಂದಕ್ಕೆ ಕ್ಯಾಮೆರಾ ಎಲ್ಲಿರಬೇಕು, ಎಷ್ಟು ಜೂಮ್, ಎಷ್ಟು ವೇಗ ಎಂಬುದನ್ನು ನಿಗದಿ ಮಾಡುತ್ತ ಹೋಗುವುದು. ಎರಡು ಮಿತಿಗಳನ್ನು ಮಾತ್ರ ನೆನಪಿಡಿ. ಬೇಕಾದ ಕಡೆ ಸರಿಸಬಹುದಾದ ಫ್ರೀ ಕ್ಯಾಮೆರಾ ಪಾತ್ರದಿಂದ ತೀರಾ ದೂರ ಹೋಗುವುದಿಲ್ಲ. ಕಥೆಯ ನಡುವೆ ತಾನಾಗಿ ಬರುವ ದೃಶ್ಯಗಳಲ್ಲಿ ಮತ್ತು ಫಸ್ಟ್ ಪರ್ಸನ್‌ನಲ್ಲಿ, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುತ್ತ ಆಡಿದ ಭಾಗಗಳಲ್ಲಿ ಕ್ಯಾಮೆರಾ ಬದಲಿಸಲು ಬಿಡುವುದಿಲ್ಲ.

ಮೊದಲ ಅಭ್ಯಾಸಕ್ಕೆ ಗುಂಡಿನ ಕಾಳಗ, ಪೊಲೀಸರ ಬೆನ್ನಟ್ಟುವಿಕೆ ಬೇಡ. ಆಟದ ನಗರ ಲಾಸ್ ಸಾಂಟೋಸ್‌ನ ಕಡಲತೀರದಲ್ಲಿರುವ ಡೆಲ್ ಪೆರೊ ಪಿಯರ್ ಬಳಿ ಸಂಜೆ ಹೊತ್ತಿಗೆ ಒಬ್ಬ ಕಾರಿನಲ್ಲಿ ಬರುತ್ತಾನೆ, ಇಳಿಯುತ್ತಾನೆ, ಕಟಕಟೆಯವರೆಗೆ ನಡೆದು ಕಡಲು ನೋಡುತ್ತ ನಿಲ್ಲುತ್ತಾನೆ. ಇಷ್ಟೇ ಘಟನೆ, ನಲವತ್ತು ಸೆಕೆಂಡು. ಇದನ್ನು ಒಂದೇ ಕ್ಲಿಪ್ಪಾಗಿ ಆಡಿ ಉಳಿಸಿಕೊಂಡು, ನಾಲ್ಕು ಶಾಟ್‌ಗಳಲ್ಲಿ ಹೇಳಲು ಪ್ರಯತ್ನಿಸಿ. ಮೊದಲನೆಯದರಲ್ಲಿ ಕ್ಯಾಮೆರಾ ಎಷ್ಟು ಸಾಧ್ಯವೋ ಅಷ್ಟು ದೂರದಲ್ಲಿ, ಅಲುಗಾಡದೆ ಇರಲಿ. ಕಾರು ಎಡದಿಂದ ಬಲಕ್ಕೆ ಚಿಕ್ಕದಾಗಿ ಹಾದುಹೋಗಲಿ. ಎರಡನೆಯದು ನೆಲದ ಮಟ್ಟದಲ್ಲಿ, ಮುಂದಿನ ಚಕ್ರದ ಪಕ್ಕ. ಚಕ್ರ ನಿಲ್ಲುತ್ತದೆ, ಬಾಗಿಲು ತೆರೆಯತೊಡಗುತ್ತದೆ. ಬಾಗಿಲು ಪೂರ್ತಿ ತೆರೆಯುವ ಮೊದಲೇ ಕತ್ತರಿಸಿ ಮೂರನೆಯದಕ್ಕೆ ಹೋಗಿ: ಇಳಿಯುತ್ತಿರುವವನ ಮುಖ, ಹತ್ತಿರದಿಂದ. ನಾಲ್ಕನೆಯದರಲ್ಲಿ ಅವನು ಬೆನ್ನು ತೋರಿಸಿ ಕಟಕಟೆಯತ್ತ ನಡೆದುಹೋಗುತ್ತಾನೆ, ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ.

ಬಾಗಿಲು ಅರ್ಧ ತೆರೆದಾಗ ಮಾಡಿದ ಆ ಕಟ್ ಕಣ್ಣಿಗೆ ತಿಳಿಯುವುದೇ ಇಲ್ಲ, ಏಕೆಂದರೆ ನೋಡುವವರ ಗಮನ ಚಲನೆಯ ಹಿಂದೆ ಹೋಗಿರುತ್ತದೆ. ಒಂದೇ ಕ್ಯಾಮೆರಾ ಇರುವ ಚಿತ್ರತಂಡ ಇದಕ್ಕಾಗಿ ನಟನಿಂದ ಅದೇ ಕ್ರಿಯೆಯನ್ನು ಎರಡು ಸಲ ಮಾಡಿಸಬೇಕು, ಕೈಯ ಭಂಗಿ ಎರಡರಲ್ಲೂ ಒಂದೇ ಇರುವಂತೆ ನೋಡಿಕೊಳ್ಳಬೇಕು. ರೀಪ್ಲೇಯಲ್ಲಿ ಕ್ರಿಯೆ ಕೂದಲೆಳೆಯಷ್ಟೂ ಬದಲಾಗದೆ ಮರಳಿ ಬರುತ್ತದೆ. ಈ ಸವಲತ್ತನ್ನು ಹೊಸಬರು ಬಳಸಿಕೊಳ್ಳುವುದು ಬಹಳ ಕಡಿಮೆ. ಇನ್ನೊಂದು ಮಾತು, ಕಾರು ಎಡದಿಂದ ಬಲಕ್ಕೆ ಹೊರಟಿದ್ದರೆ ಮುಂದಿನ ಶಾಟ್‌ನಲ್ಲೂ ಕ್ಯಾಮೆರಾ ರಸ್ತೆಯ ಅದೇ ಬದಿಯಲ್ಲಿರಲಿ. ಆಚೆ ಬದಿಗೆ ದಾಟಿದರೆ ಕಾರು ಬಂದ ದಾರಿಯಲ್ಲೇ ಹಿಂದಿರುಗುತ್ತಿರುವಂತೆ ತೋರುತ್ತದೆ.

ಬೆಳಕನ್ನು ಆರಿಸಿಕೊಳ್ಳಲು ಸ್ವಲ್ಪ ಲೆಕ್ಕ ಬೇಕು. ಈ ಆಟದಲ್ಲಿ ಒಂದು ನಿಮಿಷವೆಂದರೆ ನಮ್ಮ 2 ಸೆಕೆಂಡ್. ಒಂದು ಹಗಲು ಒಂದು ರಾತ್ರಿ 48 ನಿಮಿಷದಲ್ಲಿ ಮುಗಿಯುತ್ತದೆ. ಸೂರ್ಯ ಮುಳುಗುವ ಹೊತ್ತಿನ ಒಂದು ಗಂಟೆ ನಿಮ್ಮ ಕೈಗೆ ಸಿಗುವುದು 2 ನಿಮಿಷ ಮಾತ್ರ. ಅದಕ್ಕಾಗಿ ಕಾಯುವ ಬದಲು ಎಡಿಟರ್ ಮೆನುವಿನಲ್ಲಿರುವ ಡೈರೆಕ್ಟರ್ ಮೋಡ್‌ಗೆ ಹೋದರೆ ಪಾತ್ರ, ಹೊತ್ತು, ಹವೆ ಮೂರನ್ನೂ ನೀವೇ ಆರಿಸಬಹುದು. ಹಗಲು ಹನ್ನೆರಡರ ಬೆಳಕನ್ನು ಬಿಟ್ಟುಬಿಡಿ. ಸೂರ್ಯ ಕೆಳಗಿದ್ದಾಗ ಮುಖದ ಒಂದು ಬದಿಗೆ ನೆರಳು ಬಿದ್ದು ಆಕಾರ ಎದ್ದು ಕಾಣುತ್ತದೆ.

ಜೂಮ್ ವಿಷಯದಲ್ಲೂ ಧೈರ್ಯ ಮಾಡಿ. ಸುತ್ತಲಿನದೆಲ್ಲ ಕಾಣಲೆಂದು ಅನೇಕ ಆಟಗಳು ನೋಟವನ್ನು ಅಗಲವಾಗಿಯೇ ಇಟ್ಟಿರುತ್ತವೆ. ಅಡ್ಡಕ್ಕೆ 90 ಡಿಗ್ರಿ ನೋಟವೆಂದರೆ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ (ಸೆನ್ಸರ್ 36 ಮಿಲಿಮೀಟರ್ ಅಗಲವಿರುವಂಥದ್ದು) 18 ಮಿಲಿಮೀಟರ್ ಲೆನ್ಸ್ ಹಾಕಿದಂತೆ. ಅದರಲ್ಲಿ ಮುಖ ತೆಗೆದರೆ ಮೂಗು ದೊಡ್ಡದಾಗಿ, ಹಿನ್ನೆಲೆ ಎಲ್ಲೋ ದೂರಕ್ಕೆ ಸರಿದು ಕಾಣುತ್ತದೆ. ನೋಟವನ್ನು 40 ಡಿಗ್ರಿಯ ಸುತ್ತಮುತ್ತ ಕಿರಿದು ಮಾಡಿದರೆ 50 ಮಿಲಿಮೀಟರ್ ಲೆನ್ಸಿನ ಚಿತ್ರ ಸಿಗುತ್ತದೆ. ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಜೂಮ್ ಮಾಡುವ ಈ ಒಂದೇ ಬದಲಾವಣೆಯಿಂದ ನಿಮ್ಮ ವಿಡಿಯೊದ ಆಟದ ಛಾಯೆ ಬಹುಪಾಲು ಹೋಗುತ್ತದೆ. ಹಾಗೆಯೇ, ಫ್ರೀ ಕ್ಯಾಮೆರಾ ಸಿಕ್ಕಿತೆಂದು ಅದನ್ನು ಗಾಳಿಯಲ್ಲಿ ಸುತ್ತಾಡಿಸಬೇಡಿ. ನಿಜವಾದ ಕ್ಯಾಮೆರಾಕ್ಕೆ ತೂಕವಿದೆ, ಅದು ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುತ್ತದೆ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ನಿಮ್ಮ ಕಂಪ್ಯೂಟರಿಗೆ ಅದು ಭಾರವಾದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಹಗುರವಾಗಿವೆ. ರಿಸಾಲ್ವ್‌ನಲ್ಲಿ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು, ಕ್ಲಿಪ್ ಸೇರಿಸುವ ಮುನ್ನವೇ ಗೊತ್ತು ಮಾಡಿಕೊಳ್ಳಿ, ಆಮೇಲೆ ಬದಲಿಸುವುದು ಕಷ್ಟ. ಸಿನಿಮಾ ಎಂದ ಮಾತ್ರಕ್ಕೆ 24 ಎಂದು ಹಾಕಬೇಡಿ. 60 ಫ್ರೇಮಿನ ಕ್ಲಿಪ್ಪನ್ನು 24ಕ್ಕೆ ಇಳಿಸಿದರೆ ಎರಡೂವರೆಗೆ ಒಂದರಂತೆ ಆಯ್ದುಕೊಳ್ಳಬೇಕಾಗಿ ಚಲನೆ ಕುಂಟುತ್ತದೆ. 30ಕ್ಕೆ ಇಳಿಸಿದರೆ ಎರಡಕ್ಕೊಂದು ಸರಿಹೋಗುತ್ತದೆ. 24 ಬೇಕೇಬೇಕೆಂದರೆ ಕ್ಲಿಪ್ಪಿನ ವೇಗವನ್ನು 40 ಶೇಕಡಕ್ಕೆ ಇಳಿಸಿ, ಒಂದು ಫ್ರೇಮೂ ವ್ಯರ್ಥವಾಗದೆ ಅಂದವಾದ ನಿಧಾನಗತಿ ಬರುತ್ತದೆ. ಕಪ್ಪು ಪಟ್ಟಿ ಹಾಕುವುದಿದ್ದರೆ ಅದನ್ನೂ ಮೊದಲೇ ಎಣಿಸಿ: 1080 ಸಾಲಿನ ಚಿತ್ರದಲ್ಲಿ 2.39 ಅನುಪಾತಕ್ಕೆ (ಎತ್ತರದ 2.39 ಪಟ್ಟು ಅಗಲ) ಉಳಿಯುವುದು ಸುಮಾರು 800 ಸಾಲು, ಕೊನೆಯಲ್ಲಿ ಹಾಕಿದರೆ ಪಾತ್ರದ ನೆತ್ತಿ ಕತ್ತರಿಸಿಹೋಗುತ್ತದೆ.

ಶಬ್ದಕ್ಕೆ ಚಿತ್ರದಷ್ಟೇ ಸಮಯ ಕೊಡಿ. ಹಾಡು ಹಾಕುವ ಮೊದಲು ಅಲೆ, ಬಾಗಿಲು, ಹೆಜ್ಜೆ, ದೂರದ ಜನರ ಗದ್ದಲ ಇಷ್ಟನ್ನೇ ಇಟ್ಟುಕೊಂಡು ದೃಶ್ಯ ನಿಲ್ಲುತ್ತದೆಯೇ ನೋಡಿ. ಮುಂದಿನ ಶಾಟ್‌ನ ಶಬ್ದ ಅರ್ಧ ಸೆಕೆಂಡ್ ಮೊದಲೇ ಕೇಳಿಸಿದರೆ ಕಟ್ ಇನ್ನಷ್ಟು ಮೃದುವಾಗುತ್ತದೆ.

ಪ್ರಶ್ನೆ: ನನ್ನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್. ಮೈನ್‌ಕ್ರಾಫ್ಟ್ ಹೇಗೋ ಓಡುತ್ತದೆ, ಆದರೆ ಪರದೆ ರೆಕಾರ್ಡ್ ಮಾಡುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದರೆ ತಡೆತಡೆದು ಬರುತ್ತದೆ. ಹೊಸ ಕಂಪ್ಯೂಟರ್ ಕೊಳ್ಳದೆ ಬೇರೆ ದಾರಿ ಇದೆಯೇ?
— ಓದುಗರು, ಗದಗ

ಉತ್ತರ: ಇದೆ, ಮತ್ತು ಕೊಳ್ಳುವ ಮುನ್ನ ಈ ದಾರಿಯನ್ನು ನೋಡಲೇಬೇಕು. ನಿಮ್ಮದು ಜಾವಾ ಆವೃತ್ತಿಯಾಗಿದ್ದರೆ ರೀಪ್ಲೇ ಮಾಡ್ ಎಂಬ ಉಚಿತ ಸೇರ್ಪಡೆ ಹಾಕಿಕೊಳ್ಳಿ. ಅದು ಆಟದ ವಿವರಗಳನ್ನಷ್ಟೇ ದಾಖಲಿಸುವುದರಿಂದ ಆಡುವಾಗ ಲ್ಯಾಪ್‌ಟಾಪಿನ ಮೇಲೆ ಭಾರ ಬೀಳುವುದಿಲ್ಲ. ಆಮೇಲೆ ಕ್ಯಾಮೆರಾದ ದಾರಿಯನ್ನು ನೀವು ಗುರುತಿಸಿ ಕೊಟ್ಟರೆ ಅದು ಒಂದೊಂದೇ ಫ್ರೇಮನ್ನು ತನ್ನ ಪಾಡಿಗೆ ಬಿಡಿಸುತ್ತ ಹೋಗುತ್ತದೆ. ಯಂತ್ರ ನಿಧಾನವಾದರೆ ಹೆಚ್ಚು ಹೊತ್ತು ಹಿಡಿಯುತ್ತದೆಯೇ ಹೊರತು ವಿಡಿಯೊ ತಡವರಿಸುವುದಿಲ್ಲ.

ರೀಪ್ಲೇ ಇಲ್ಲದ ಆಟಕ್ಕೆ ಓಬಿಎಸ್ ಬೇಕೇ ಆಗುತ್ತದೆ. ಆಗ ಪರದೆಯ ಮೇಲಿನ ನಕ್ಷೆ, ಅಂಕಿ, ಸೂಚನೆಗಳನ್ನೂ ಆಟದ ಹಿನ್ನೆಲೆ ಸಂಗೀತವನ್ನೂ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ, 720 ಸಾಲಿನಲ್ಲಿ 30 ಫ್ರೇಮ್ ಇಟ್ಟುಕೊಳ್ಳಿ. ಕಡತ ಎಂಕೆವಿ ರೂಪದಲ್ಲಿರಲಿ. ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ, ಸಾಮಾನ್ಯ ಎಂಪಿ4 ಆದರೆ ಇಡೀ ಕಡತ ಕೆಡಬಹುದು. ಓಬಿಎಸ್‌ನಲ್ಲೇ ಅದನ್ನು ಬಳಿಕ ಎಂಪಿ4ಗೆ ಬದಲಿಸಿಕೊಳ್ಳಬಹುದು. ಸೆಕೆಂಡಿಗೆ 50 ಮೆಗಾಬಿಟ್ ಇಟ್ಟರೆ ಒಂದು ಗಂಟೆಗೆ 22 ಜಿಬಿ ದಾಟುತ್ತದೆ, ಆದ್ದರಿಂದ ಬೇಕಾದ ದೃಶ್ಯವನ್ನಷ್ಟೇ ರೆಕಾರ್ಡ್ ಮಾಡಿ.

ಕ್ಯಾಮೆರಾ ಬಿಡಿಸಿಕೊಳ್ಳಲು ಹೊರಗಿನ ಉಪಕರಣ ಬಳಸುವವರು ಆನ್‌ಲೈನ್ ಪಂದ್ಯದಲ್ಲಿ ಅದನ್ನು ತೆರೆದಿಟ್ಟರೆ ಖಾತೆಗೆ ನಿಷೇಧ ಬೀಳುವ ಅಪಾಯವಿದೆ. ಕೌಂಟರ್ ಸ್ಟ್ರೈಕ್ ಆಟದವರು ಬಳಸುವ ಎಚ್‌ಎಲ್‌ಎಇ ಎಂಬ ಉಪಕರಣ ಕೂಡ ಆಟದ ಸುರಕ್ಷಾ ವ್ಯವಸ್ಥೆಯನ್ನು ನಿಲ್ಲಿಸಿದ ಸ್ಥಿತಿಯಲ್ಲಿ, ಉಳಿಸಿಟ್ಟ ಡೆಮೊ ಕಡತಗಳ ಮೇಲೆ ಮಾತ್ರ ಕೆಲಸ ಮಾಡುವಂಥದ್ದು.

ಪ್ರಶ್ನೆ: ಬಸ್ ಓಡಿಸುವ ಆಟದಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಬಣ್ಣ ಹಾಕಿ ವಿಡಿಯೊ ಮಾಡುತ್ತೇನೆ. ಹಿನ್ನೆಲೆಗೆ ಕನ್ನಡ ಚಿತ್ರಗೀತೆ ಹಾಕಿದರೆ ಯೂಟ್ಯೂಬ್ ಹಕ್ಕಿನ ಸೂಚನೆ ಕಳಿಸುತ್ತದೆ. ಹತ್ತು ಸೆಕೆಂಡ್ ಮಾತ್ರ ಹಾಕಿ, ಕೃಪೆ ಎಂದು ಬರೆದರೆ ಸಾಲದೇ?
— ಓದುಗರು, ಚಿತ್ರದುರ್ಗ

ಉತ್ತರ: ಸಾಲದು. ಹತ್ತು ಸೆಕೆಂಡಿನ ರಿಯಾಯಿತಿ ಎಂಬುದು ನಮ್ಮ ದೇಶದ ಕಾನೂನಿನಲ್ಲಿ ಇಲ್ಲ, ಕೃಪೆ ಬರೆಯುವುದು ಅನುಮತಿ ಪಡೆದಂತೆ ಆಗುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ವಿಮರ್ಶೆ, ವರದಿ, ಸ್ವಂತ ಅಧ್ಯಯನದಂಥ ಉದ್ದೇಶಗಳಿಗೆ ಕೊಟ್ಟ ವಿನಾಯಿತಿ ಹಿನ್ನೆಲೆ ಸಂಗೀತಕ್ಕೆ ಅನ್ವಯಿಸುವುದಿಲ್ಲ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ತುಣುಕು ಚಿಕ್ಕದಿದ್ದರೂ ಹಾಡನ್ನು ಗುರುತಿಸುತ್ತದೆ. ಆಗ ಹಾಡಿನ ಹಕ್ಕುದಾರರು ವಿಡಿಯೊ ತಡೆಯಬಹುದು ಅಥವಾ ಜಾಹೀರಾತಿನ ಹಣ ತಾವು ಪಡೆಯಬಹುದು. ಜಿಟಿಎ ರೇಡಿಯೊದಲ್ಲಿ ಬರುವ ಹಾಡುಗಳಿಗೂ ಇದೇ ಮಾತು, ಅವುಗಳ ಹಕ್ಕು ಬೇರೆಯವರದು.

ಆಟದ ದೃಶ್ಯಗಳ ವಿಷಯ ಬೇರೆ. ವಾಲ್ವ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಅಭಿಮಾನಿಗಳ ವಿಡಿಯೊಗಳಿಗೆ ಏನೇನು ಸಲ್ಲುತ್ತದೆ ಎಂದು ತಮ್ಮ ನಿಯಮಗಳನ್ನು ಬರೆದಿಟ್ಟಿವೆ. ನೀವು ಆಡುವ ಆಟಕ್ಕೂ ಅಂಥ ನಿಯಮ ಇದೆಯೇ ಎಂದು ಅದರ ಜಾಲತಾಣದಲ್ಲಿ ನೋಡಿ. ಬಸ್ಸಿನ ಬಣ್ಣ ಬೇರೆ ಯಾರೋ ಮಾಡಿ ಹಂಚಿದ್ದಾದರೆ ಅವರನ್ನು ಕೇಳಿ, ಹೆಸರು ಹಾಕಿ.

ಸಂಗೀತಕ್ಕೆ ಯೂಟ್ಯೂಬಿನ ಆಡಿಯೊ ಲೈಬ್ರರಿ ಉಚಿತವಾಗಿ ಸಿಗುತ್ತದೆ. ಆದರೆ ಬಸ್ಸಿನ ವಿಡಿಯೊಗೆ ಅದಕ್ಕಿಂತ ಒಳ್ಳೆಯದು ನಿಮ್ಮೂರಿನ ನಿಲ್ದಾಣದಲ್ಲೇ ಇದೆ. ಫೋನನ್ನು ಗಾಳಿಗೆ ಮರೆ ಮಾಡಿ ಹಿಡಿದು, ಬಸ್ ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಊದುವ ಸೀಟಿ, ಬಾಗಿಲು ಬಡಿಯುವ ಸದ್ದು, ನಿಂತಲ್ಲೇ ಗುರುಗುಟ್ಟುವ ಎಂಜಿನ್, ಇವುಗಳಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಒಂದೊಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಎಂಜಿನ್ನಿನ ಸದ್ದನ್ನು ಕೆಳಗಿನ ಪದರದಲ್ಲಿ ಸಣ್ಣಗೆ ಉದ್ದಕ್ಕೂ ಹರಡಿ, ಸೀಟಿಯನ್ನು ಬಸ್ ಕಾಣಿಸಿಕೊಳ್ಳುವ ಒಂದು ಸೆಕೆಂಡ್ ಮೊದಲು ಇಡಿ. ದನಿಗಳನ್ನು ತೆಗೆಯುವಾಗ ನಿಲ್ದಾಣದ ಧ್ವನಿವರ್ಧಕದಲ್ಲಿ ಹಾಡು ಕೇಳಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಕಂಟೆಂಟ್ ಐಡಿ ಅದನ್ನೂ ಹಿಡಿಯಬಹುದು.