ಹಬ್ಬದ ಮುಂಚೆ ಬೆಳಗಾವಿಯಲ್ಲಿ ಬಂದೂಕು ಹಿಡಿದು ಪಥಸಂಚಲನ ಮಾಡುವವರು ಸೈನ್ಯದವರೇ?

ಅಲ್ಲ. ಸೈನ್ಯದ ಮರಾಠಾ ಲಘು ಪದಾತಿ ದಳದ ಕೇಂದ್ರ ನಮ್ಮೂರಲ್ಲೇ ಇರೋದರಿಂದ ಈ ಗೊಂದಲ ಸಹಜ. ನೀಲಿ ಮಚ್ಚೆಯ ಬಟ್ಟೆಯವರು ಆರ್‌ಎಎಫ್, ಅಂದರೆ 1992ರಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ (ಸಿಆರ್‌ಪಿಎಫ್) ಒಳಗೆ ಶುರುವಾದ ಗಲಭೆ ನಿಯಂತ್ರಣ ಪಡೆ. ಉಳಿದವರು ಕರ್ನಾಟಕ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ಮತ್ತು ನಗರ ಸಶಸ್ತ್ರ ಮೀಸಲು ಪಡೆಯವರು, ನಮ್ಮ ರಾಜ್ಯದ ಪೊಲೀಸರೇ.

ಪೊಲೀಸರಿಗೂ ಸೈನ್ಯಕ್ಕೂ ಇರುವ ಈ ವ್ಯತ್ಯಾಸ ಕಾನೂನಿನಲ್ಲೂ ಇದೆ. ಅಕ್ರಮ ಗುಂಪು ಚದುರಿಸಲು ಠಾಣಾಧಿಕಾರಿಯೇ ಆದೇಶ ಕೊಡಬಹುದು. ಅದರಿಂದ ಆಗದಿದ್ದರೆ ಮಾತ್ರ ಸೈನ್ಯದಂಥ ಸಶಸ್ತ್ರ ಪಡೆ ಕರೆಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 149ನೇ ಕಲಂ ಪ್ರಕಾರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು.

ಗಡಿ ವಿವಾದ, ಗಣಪತಿ ವಿಸರ್ಜನೆ, ಸುವರ್ಣ ವಿಧಾನಸೌಧದ ಅಧಿವೇಶನ, ಇಷ್ಟೆಲ್ಲ ಇರುವ ಊರಿಗೆ ಮೀಸಲು ಪಡೆ ಬೇಕು, ಒಪ್ಪುತ್ತೇನೆ. ಆದರೆ ಒಮ್ಮೆ ಖಡೇಬಜಾರಿನಲ್ಲಿ ಹೆಲ್ಮೆಟ್, ಗುರಾಣಿಗಳ ಸಾಲು ಬಂದಾಗ ಬಳೆ ಆರಿಸುತ್ತಿದ್ದ ಹುಡುಗಿ ಅವ್ವನ ಸೆರಗಿನ ಹಿಂದೆ ಸರಿದಳು. ಅದೇ ಓಣಿಯ ಬೀಟ್ ಪೊಲೀಸಪ್ಪ ಸೀಟಿ ಊದುತ್ತ ಬಂದರೆ ಆ ಮಕ್ಕಳೇ 'ಕಾಕಾ' ಅಂತ ಕೂಗುತ್ತಾರೆ. ಯಾರ ಮನೆಯಲ್ಲಿ ಏನು ಕುದಿಯುತ್ತಿದೆ ಅಂತ ಗೊತ್ತಿರೋದು ಅವನಿಗೇ. ಬೀಟಿಗೆ ಜನ ಹೆಚ್ಚಿಸಿ ಅಂತ ನಾವು ಮೊದಲು ಕೇಳಬೇಕು.