ಸ್ಕೌಟು, ಎನ್‌ಸಿಸಿ, ಪ್ರತಿಭಾ ಕಾರಂಜಿ: ಕಾಲೇಜಿನೋರು ಏನು ನೋಡ್ತಾರೆ?

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು, ಓದು ಬಿಟ್ಟು ಮಕ್ಕಳು ಮಾಡೋ ಬೇರೆ ಕೆಲಸಗಳಿಗೆ ಅಡ್ಮಿಷನ್ ಹೊತ್ತಲ್ಲಿ ಬೆಲೆ ಇದೆಯಾ ಅಂತ. ಹಾಗಾಗಿ ಈ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದ್ದೀನಿ.

ಪ್ರಶ್ನೆ: ನನ್ನ ಮಗ 9ನೇ ಕ್ಲಾಸು. ಪ್ರೈಮರಿಯಿಂದ್ಲೂ ಸ್ಕೌಟ್‌ನಲ್ಲಿದ್ದಾನೆ, ತೃತೀಯ ಸೋಪಾನ ಅನ್ನೋ ಹಂತ ಮುಗ್ಸಿ ರಾಜ್ಯಪಾಲರು ಕೊಡೋ ರಾಜ್ಯ ಪುರಸ್ಕಾರಕ್ಕೆ ತಯಾರಾಗ್ತಿದ್ದಾನೆ. ನಮ್ಮ ಮನೆಯವರು "ಅದೆಲ್ಲ ಕಾನ್ವೆಂಟ್ ಮಕ್ಕಳ ಶೋಕಿ, ಇಂಜಿನಿಯರಿಂಗ್ ಸೀಟ್ ಸಿಗುತ್ತಾ ಅದ್ರಿಂದ, ಟ್ಯೂಷನ್ನಿಗೆ ಹಾಕು" ಅಂತಾರೆ. ಬಿಡಿಸ್ಲಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಿಡಿಸ್ಬೇಡಿ. ಆದ್ರೆ ನಿಮ್ಮ ಮನೆಯವರು ಕೇಳಿರೋದ್ರಲ್ಲಿ ತಪ್ಪಿಲ್ಲ, ಅದಕ್ಕೆ ಮೊದ್ಲು ಉತ್ತರ ಹೇಳ್ಬಿಡ್ತೀನಿ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಮೆಡಿಕಲ್‌ಗೆ ನೀಟ್. ಅಲ್ಲಿ ಹುಡುಗ ಎಷ್ಟು ಟೆಂಟ್ ಕಟ್ಟಿದ್ದಾನೆ ಅಂತ ಯಾರೂ ಕೇಳಲ್ಲ. ಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದ್ರೆ ಕೆಇಎನಲ್ಲಿ ಸ್ಪೆಷಲ್ ಕ್ಯಾಟಗರಿ ಅಂತ ಇದೆ, ಎನ್‌ಸಿಸಿ, ಕ್ರೀಡೆ, ಸೈನಿಕರ ಮಕ್ಕಳು ಇವರ ಜೊತೆ ಸ್ಕೌಟ್ಸ್ ಅಂಡ್ ಗೈಡ್ಸೂ ಅದ್ರಲ್ಲಿ ಬರುತ್ತೆ, ಆದ್ರೆ ಸೀಟು ಬಹಳ ಕಮ್ಮಿ, ಯಾವ ಹಂತದ ಸರ್ಟಿಫಿಕೇಟ್ ಬೇಕು ಅನ್ನೋದನ್ನ ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕದಲ್ಲೇ ನೋಡ್ಬೇಕು, ಒರಿಜಿನಲ್ ಇಟ್ಕೊಂಡು ವೆರಿಫಿಕೇಶನ್‌ಗೆ ಹೋಗ್ಬೇಕು. ಸಿಕ್ಕರೆ ಒಳ್ಳೇದು, ಆ ಸೀಟು ನಂಬ್ಕೊಂಡು ಮಾತ್ರ ಸ್ಕೌಟ್ ಮಾಡಿಸ್ಬೇಡಿ.

"ಕಾನ್ವೆಂಟ್ ಶೋಕಿ" ಅನ್ನೋ ಮಾತಿಗೂ ಒಂದು ಹಿನ್ನೆಲೆ ಇದೆ. ಭಾರತದಲ್ಲಿ ಸ್ಕೌಟ್ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ, 1909ರಲ್ಲಿ, ಆಗ ಅದು ಬಿಳಿಯರ ಮಕ್ಕಳಿಗೆ ಮಾತ್ರ ಅನ್ನೋ ಹಾಗಿತ್ತು. ನಮ್ಮ ಮಕ್ಕಳಿಗೂ ಬೇಕು ಅಂತ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ ಥರದೋರು ಬೇರೆ ಸಂಘಗಳನ್ನೇ ಕಟ್ಟಿದ್ರು, ಅವೆಲ್ಲ ಸೇರಿ 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ದೊಡ್ಡಬಳ್ಳಾಪುರದ ಸ್ಕೌಟ್ ತರಬೇತಿ ಕೇಂದ್ರಕ್ಕೆ ಬೆಸೆಂಟ್ ಹೆಸರಿರೋದು ಅದಕ್ಕೇ. ಇವತ್ತು ಯಾವುದೇ ಜಿಲ್ಲೆಯ ರ‍್ಯಾಲಿಗೆ ಹೋಗಿ ನೋಡಿ, ಸರ್ಕಾರಿ ಶಾಲೆ ಮಕ್ಕಳು ಎಷ್ಟು ಜನ ಇರ್ತಾರೆ ಅಂತ ನಿಮಗೇ ಗೊತ್ತಾಗುತ್ತೆ. ನಿಮ್ಮೂರಿನ ಪಕ್ಕದಲ್ಲೇ ಕೊಂಡಜ್ಜಿಯ ಸ್ಕೌಟ್ ಕ್ಯಾಂಪ್ ಇದೆ, ಯಜಮಾನ್ರನ್ನ ಒಂದು ಭಾನುವಾರ ಕರ್ಕೊಂಡು ಹೋಗಿ ಬನ್ನಿ.

ಇನ್ನು ನನಗೆ ಮುಖ್ಯ ಅನ್ಸೋದು ಹೇಳ್ತೀನಿ. ಸ್ಕೌಟ್‌ನಲ್ಲಿ ಆರೆಂಟು ಮಕ್ಕಳ ಗುಂಪು, ಪ್ಯಾಟ್ರೋಲ್ ಅಂತ ಮಾಡಿ ಅದಕ್ಕೆ ಅವರಲ್ಲೇ ಒಬ್ಬನ್ನ ಲೀಡರ್ ಮಾಡ್ತಾರಲ್ಲ, ಇಡೀ ಪದ್ಧತಿಯ ಜೀವ ಇರೋದು ಅಲ್ಲಿ. ಹನ್ನೆರಡು ಹದಿಮೂರು ವರ್ಷದ ಹುಡುಗ ತನ್ನ ವಯಸ್ಸಿನೋರಿಗೇ ಕೆಲಸ ಹಂಚ್ಬೇಕು, ಒಬ್ಬ ಸೌದೆ ತರಲ್ಲ ಅಂತಾನೆ, ಇನ್ನೊಬ್ಬ ಮನೆ ನೆನೆಸ್ಕೊಂಡು ಅಳ್ತಾನೆ, ಮಳೆ ಬಂದು ಒಲೆ ಹತ್ತಲ್ಲ, ಆದ್ರೂ ರಾತ್ರಿ ಎಲ್ಲರಿಗೂ ಅನ್ನ ಆಗ್ಬೇಕು, ಬಯ್ಯೋದಕ್ಕೆ ಇವನೇನು ಮೇಷ್ಟ್ರಲ್ಲ. ಇದನ್ನ ಯಾವ ಟ್ಯೂಷನ್ನೂ ಕಲಿಸಲ್ಲ. ಮುಂದೆ ಇಂಜಿನಿಯರಿಂಗ್‌ನಲ್ಲಿ ನಾಲ್ಕು ಜನ ಸೇರಿ ಪ್ರಾಜೆಕ್ಟ್ ಮಾಡೋವಾಗ, ಹಾಸ್ಟೆಲ್ ರೂಮಲ್ಲಿ ಗೊತ್ತಿಲ್ಲದೋರ ಜೊತೆ ಬದುಕೋವಾಗ ಇಂಥ ಹುಡುಗ ಬೇಗ ಹೊಂದ್ಕೋತಾನೆ. ಮನೆ ಬಿಟ್ಟು ಹೋಗಿ ಮೊದಲ ಸೆಮಿಸ್ಟರ್‌ನಲ್ಲೇ ಕುಸಿಯೋ ಬುದ್ಧಿವಂತ ಮಕ್ಕಳನ್ನ ನೋಡಿದೋರಿಗೆ ಇದರ ಬೆಲೆ ಗೊತ್ತು.

ಟೈಮ್ ಬಗ್ಗೆ ಹೇಳೋದಾದ್ರೆ, ಸಾಧ್ಯವಾದಷ್ಟು ಈ ವರ್ಷವೇ ರಾಜ್ಯ ಪುರಸ್ಕಾರದ ಪರೀಕ್ಷೆ ಮುಗಿಯೋ ಹಾಗೆ ಸ್ಕೌಟ್ ಮಾಸ್ಟರ್ ಹತ್ರ ಕೂತು ಮಾತಾಡಿ, ಎಸ್ಸೆಸ್ಸೆಲ್ಸಿ ವರ್ಷ ವಾರಕ್ಕೊಂದು ಮೀಟಿಂಗ್ ಸಾಕು. ಪೂರ್ತಿ ನಿಲ್ಲಿಸ್ಬೇಡಿ, ಓದಿ ಓದಿ ತಲೆ ಕೆಟ್ಟಾಗ ಆ ಒಂದು ಸಂಜೆ ಅವನಿಗೆ ಬೇಕಾಗುತ್ತೆ.

ಪ್ರಶ್ನೆ: ನಾನು ಸರ್ಕಾರಿ ಕಾಲೇಜಲ್ಲಿ ಸೆಕೆಂಡ್ ಪಿಯು ಆರ್ಟ್ಸ್. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ ಅಪ್ಲೈ ಮಾಡ್ಬೇಕು ಅಂತಿದೀನಿ, ಅಲ್ಲಿ ಇಂಟರ್‌ವ್ಯೂ ಇರುತ್ತಂತೆ. ನಮ್ಮ ಶಾಲೇಲಿ ಸ್ಕೌಟು, ಎನ್‌ಸಿಸಿ ಏನೂ ಇರ್ಲಿಲ್ಲ. ಪ್ರತಿಭಾ ಕಾರಂಜಿಲಿ ತಾಲೂಕು ಮಟ್ಟದವರೆಗೆ ಹಾಡಿದೀನಿ. ಬೆಳಿಗ್ಗೆ ಡೈರಿಗೆ ಹಾಲು ಹಾಕೋದು, ಅದ್ರ ಲೆಕ್ಕ ಬರಿಯೋದು ನನ್ನ ಕೆಲಸ. ಇದನ್ನೆಲ್ಲ ಹೇಳಿದ್ರೆ ನಗಲ್ವಾ?
— ಒಬ್ಬ ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಉತ್ತರ: ನಗಲ್ಲ ಕಣಮ್ಮ, ಇದನ್ನೇ ಹೇಳು. ಶಾಲೇಲಿ ಸ್ಕೌಟ್ ಟ್ರೂಪ್ ಇರೋದು ಬಿಡೋದು ನಿನ್ನ ಕೈಲಿ ಇರ್ಲಿಲ್ಲ, ಇಂಟರ್‌ವ್ಯೂ ಮಾಡೋರಿಗೂ ಅದು ಅರ್ಥ ಆಗುತ್ತೆ. ಅವರಿಗೆ ಬೇಕಾಗಿರೋದು ಈ ಹುಡುಗಿ ತನ್ನ ಸುತ್ತ ನಡಿಯೋದನ್ನ ಗಮನಿಸ್ತಾಳಾ, ಹೊತ್ಕೊಂಡ ಕೆಲಸ ಮಾಡಿ ಮುಗಿಸ್ತಾಳಾ ಅನ್ನೋದು. ನೀನು ದಿನಾ ಡೈರಿ ಲೆಕ್ಕ ಬರೀತೀಯ ಅಂದ್ರೆ ಒಂದೇ ಲೀಟರ್ ಹಾಲಿಗೆ ಇಬ್ಬರಿಗೆ ಬೇರೆ ಬೇರೆ ದುಡ್ಡು ಯಾಕೆ ಬರುತ್ತೆ ಅಂತ ನಿನಗೆ ಗೊತ್ತು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ಎಷ್ಟು, ಮೇವು ಬದಲಾದ್ರೆ ಏನಾಗುತ್ತೆ, ಬೇಸಿಗೇಲಿ ಯಾಕೆ ಇಳಿಯುತ್ತೆ. ಸಹಕಾರ ಸಂಘ ಅಂದ್ರೇನು ಅಂತ ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದೋರ ಮುಂದೆ ನೀನು ಅದ್ರೊಳಗೇ ಇದ್ದು ನೋಡಿದೋಳು. ಹಾಗಂತ ಬರೀ "ಮನೆ ಕೆಲಸ ಮಾಡ್ತೀನಿ" ಅಂದ್ಬಿಟ್ರೆ ಅವರಿಗೆ ಏನೂ ಕಾಣಲ್ಲ. ಯಾವಾಗಿಂದ, ಎಷ್ಟು ಹಸು, ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ಸೆಕ್ರೆಟರಿ ಹತ್ರ ಹೇಗೆ ಕೇಳ್ದೆ, ಇಷ್ಟನ್ನ ಬಿಡಿಸಿ ಹೇಳ್ಬೇಕು. ಅಮೆರಿಕದ ಕಾಲೇಜುಗಳ ಕಾಮನ್ ಆಪ್ ಅನ್ನೋ ಅರ್ಜೀಲೂ ಕುಟುಂಬದ ಜವಾಬ್ದಾರಿ ಅಂತ ಒಂದು ವಿಭಾಗವೇ ಇದೆ ಗೊತ್ತಾ. ಹಾಡಿನ ಬಗ್ಗೆನೂ ಹೇಳು, ಬಹುಮಾನ ಬಂದಿದ್ದಕ್ಕಿಂತ ಯಾರ ಹತ್ರ ಕಲಿತೆ, ಈಗ್ಲೂ ಹಾಡ್ತೀಯಾ ಅನ್ನೋದನ್ನ.

ಪ್ರವೇಶ ಪರೀಕ್ಷೆ ಪಾಸಾದ್ರೆ ತಾನೇ ಇಂಟರ್‌ವ್ಯೂ, ಅದಕ್ಕೆ ಓದೋದನ್ನ ಬಿಡ್ಬೇಡ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೀವಿ. ಮಗಳು 11ನೇ ಗ್ರೇಡ್, ಸ್ಕೌಟಿಂಗ್‌ನಲ್ಲಿ ಈಗಲ್ ಅನ್ನೋ ಇಲ್ಲಿನ ಅತಿ ದೊಡ್ಡ ಹಂತಕ್ಕೆ ಪ್ರಾಜೆಕ್ಟ್ ಮಾಡ್ತಿದ್ದಾಳೆ, ಕನ್ನಡ ಕೂಟದ ಶಾಲೇಲಿ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳ್ಕೊಡ್ತಾಳೆ. ದುಡ್ಡು ಕೊಟ್ಟು ಇಟ್ಕೊಂಡಿರೋ ಕೌನ್ಸಿಲರ್ "ಕಾಲೇಜು ಅರ್ಜೀಲಿ ಚಟುವಟಿಕೆಗೆ ಇರೋ ಹತ್ತು ಜಾಗಾನೂ ತುಂಬ್ಬೇಕು, ಒಂದು ಎನ್‌ಜಿಒ ಶುರು ಮಾಡ್ಸಿ" ಅಂತಾರೆ. ಏನ್ಮಾಡೋದು?
— ಒಬ್ಬ ತಂದೆ

ಉತ್ತರ: ಎನ್‌ಜಿಒ ಬೇಡ. ಕಾಮನ್ ಆಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ ಇದೆ ನಿಜ, ಹತ್ತೂ ತುಂಬಲೇಬೇಕು ಅಂತ ಇಲ್ಲ. ಎಂಐಟಿ ತನ್ನ ಅರ್ಜೀಲಿ ಕೇಳೋದೇ ನಾಲ್ಕು. ಒಂದೊಂದು ಚಟುವಟಿಕೆ ವಿವರಣೆಗೆ ಸಿಗೋದು 150 ಅಕ್ಷರ, ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಬರೀಬೇಕು. ಹನ್ನೊಂದನೇ ಗ್ರೇಡ್ ಕೊನೇಲಿ ಹುಟ್ಟಿದ ಎನ್‌ಜಿಒ ಆ ಗಂಟೆಗಳ ಲೆಕ್ಕದಲ್ಲೇ ಸಿಕ್ಕಿ ಬೀಳುತ್ತೆ, ಅದಕ್ಕಿಂತ ಹೆಚ್ಚಾಗಿ, ಮಾಡದೇ ಇರೋದನ್ನ ಮಾಡಿದೀನಿ ಅಂತ ಬರಿಯೋಕೆ ಹದಿನಾರು ವರ್ಷದ ಹುಡುಗಿಗೆ ನಾವೇ ಕಲಿಸಿದಂಗಾಗುತ್ತೆ. ನನಗೆ ಅದು ತುಂಬಾ ಸಂಕಟದ ವಿಷಯ.

ನಿಮ್ಮ ಮಗಳ ಹತ್ರ ಇರೋದು ಕಮ್ಮಿ ಏನಲ್ಲ. ಈಗಲ್ ಅಂದ್ರೆ 21 ಮೆರಿಟ್ ಬ್ಯಾಡ್ಜ್, ಟ್ರೂಪ್‌ನಲ್ಲಿ ಜವಾಬ್ದಾರಿ, ಆಮೇಲೆ ಊರಿಗೆ ಉಪಯೋಗ ಆಗೋ ಒಂದು ಪ್ರಾಜೆಕ್ಟನ್ನ ತಾನೇ ಯೋಜನೆ ಮಾಡಿ ಬೇರೆಯೋರ ಕೈಲಿ ಕೆಲಸ ತಗೊಂಡು ಮುಗಿಸೋದು, ಎಲ್ಲ 18 ತುಂಬೋದ್ರೊಳಗೆ. ಹುಡುಗೀರಿಗೆ ಆ ದಾರಿ ತೆಗೆದಿದ್ದೇ 2019ರಲ್ಲಿ, ಮೊದಲ ಹುಡುಗೀರ ಗುಂಪು ಈಗಲ್ ಆಗಿದ್ದು 2021ರಲ್ಲಿ. ಆದ್ರೂ ಈಗಲ್ ಆದ ಮಾತ್ರಕ್ಕೆ ದೊಡ್ಡ ಕಾಲೇಜಿನ ಬಾಗಿಲು ತೆಗೆಯುತ್ತೆ ಅಂತ ಅಂದ್ಕೋಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಡ್ಮಿಷನ್ ಪದ್ಧತಿ ಮೇಲಿನ ಕೇಸಲ್ಲಿ 2018ರಲ್ಲಿ ಹೊರಬಂದ ವಿವರ ನೋಡಿದ್ರೆ ಅವರು ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಅಂತ ಬೇರೆ ಬೇರೆ ರೇಟಿಂಗ್ ಕೊಡ್ತಿದ್ರು, ಅಂದ್ರೆ ಬ್ಯಾಡ್ಜ್ ಪಟ್ಟಿ ಒಂದು ಕಡೆ ಆದ್ರೆ ಮಗು ಎಂಥದ್ದು ಅನ್ನೋದು ಇನ್ನೊಂದು ಕಡೆ, ಅದು ಕಾಣೋದು ಪ್ರಬಂಧದಲ್ಲಿ, ಟೀಚರ್ ಪತ್ರದಲ್ಲಿ.

ಕಾಮನ್ ಆಪ್‌ನ 650 ಪದದ ಪ್ರಬಂಧಕ್ಕೆ ನನ್ನ ಆಯ್ಕೆ ಕೇಳಿದ್ರೆ ಕನ್ನಡ ಶಾಲೆ. ಮನೇಲಿ ಇಂಗ್ಲಿಷ್ ಮಾತಾಡೋ ಆರು ವರ್ಷದ ಮಗುಗೆ ಳ ಮತ್ತು ಲ ವ್ಯತ್ಯಾಸ ಹೇಳ್ಕೊಡೋಕೆ ಅವಳು ಏನೇನು ಉಪಾಯ ಮಾಡ್ತಾಳೆ, ಭಾನುವಾರ ಬೆಳಿಗ್ಗೆ ಬರಲ್ಲ ಅಂತ ಹಠ ಮಾಡೋ ಮಗುನ ಹೇಗೆ ಕೂರಿಸ್ತಾಳೆ, ಆ ಥರದ್ದು ಓದೋಕೆ ಸಿಕ್ಕರೆ ಅಡ್ಮಿಷನ್ ಆಫೀಸಿನೋರು ಖಂಡಿತ ಗಮನ ಕೊಟ್ಟು ಓದ್ತಾರೆ. ಬರಿಯೋದು ಅವಳೇ ಆಗಿರ್ಲಿ, ಕೌನ್ಸಿಲರ್ ಕೈ ಹಾಕದೇ ಇರ್ಲಿ.

ಪ್ರಶ್ನೆ: ಡಿಗ್ರಿ ಮೊದಲ ವರ್ಷ. ಎನ್‌ಸಿಸಿ ತಗೊಳ್ಳಾ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ತಗೊಳ್ಳಾ? ಸೈನ್ಯದ ಆಸೆ ಇದೆ.
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಸೈನ್ಯ ಅಂದ್ರೆ ಎನ್‌ಸಿಸಿ, ಯೋಚ್ನೆ ಮಾಡೋದೇ ಬೇಡ. ಎನ್‌ಸಿಸಿಯ ಸಿ ಸರ್ಟಿಫಿಕೇಟ್ ಒಳ್ಳೆ ಗ್ರೇಡಲ್ಲಿ ಬಂದು ಡಿಗ್ರೀಲಿ 50 ಪರ್ಸೆಂಟ್ ಇದ್ರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಹಾಕ್ಬಹುದು, ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿಗೆ, ಅಂದ್ರೆ ಸೈನ್ಯದ ಅಧಿಕಾರಿಗಳನ್ನ ಆರಿಸೋ ಸಂದರ್ಶನಕ್ಕೆ, ಹೋಗೋ ದಾರಿ ಅದು, ಶಾರ್ಟ್‌ಲಿಸ್ಟ್ ಆಗ್ಬೇಕಷ್ಟೇ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಒಂದು ಏಳು ದಿನದ ಹಳ್ಳಿ ಕ್ಯಾಂಪು. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮಾಡ್ಬೇಕು ಅನ್ನೋರಿಗೆ ಅದು ಚೆನ್ನಾಗಿ ಒದಗುತ್ತೆ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು, ಗೈಡ್ಸ್ ನೋಡ್ಕೊಳ್ಳೋ ಮೇಡಂ ಜೊತೆ ಸ್ಕೌಟ್ ಟ್ರೂಪ್ ನಡೆಸ್ತೀನಿ. ಹಳೇ ವಿದ್ಯಾರ್ಥಿಯೊಬ್ಬ ವಿದೇಶದ ಕಾಲೇಜಿಗೆ ಶಿಫಾರಸು ಪತ್ರ ಕೇಳಿದ್ದಾನೆ. ಏನು ಬರೀಲಿ?
— ಒಬ್ಬ ಶಿಕ್ಷಕರು, ಉತ್ತರ ಕನ್ನಡ

ಉತ್ತರ: ಸರ್, "ಶಿಸ್ತಿನ ಹುಡುಗ, ನಾಯಕತ್ವದ ಗುಣ ಇದೆ" ಅಂತ ಬರೀಬೇಡಿ, ಬರೋ ಪತ್ರಗಳೆಲ್ಲ ಹಾಗೇ ಇರುತ್ವೆ. ನೀವು ಕಣ್ಣಾರೆ ನೋಡಿದ ಒಂದೋ ಎರಡೋ ಘಟನೆ ಬರೀರಿ. ಹೈಕ್‌ನಲ್ಲಿ ಯಾರಿಗೋ ಕಾಲು ಉಳುಕಿದಾಗ ಇವನು ಏನ್ಮಾಡ್ದ, ಪ್ಯಾಟ್ರೋಲ್ ಲೀಡರ್ ಆಗಿದ್ದಾಗ ಮಾತು ಕೇಳದ ಹುಡುಗನ ಜೊತೆ ಹೇಗೆ ನಡ್ಕೊಂಡ, ಯಾವುದ್ರಲ್ಲಿ ಹಿಂದೆ ಇದ್ದ, ಆಮೇಲೆ ಹೇಗೆ ಸುಧಾರಿಸ್ಕೊಂಡ. ಅವನು ಟ್ರೂಪ್ ಸೇರಿದ ವರ್ಷ, ಮುಗಿಸಿದ ಸೋಪಾನಗಳು, ಕ್ಯಾಂಪ್ ಎಷ್ಟು ದಿನದ್ದು ಅನ್ನೋದನ್ನ ನಿಮ್ಮ ಟ್ರೂಪ್ ರಿಜಿಸ್ಟರ್ ನೋಡಿ ಹಾಕಿ. ರಾಜ್ಯ ಪುರಸ್ಕಾರ ಅಂದ್ರೆ ಏನು ಅಂತ ಅಲ್ಲಿಯೋರಿಗೆ ಗೊತ್ತಿರಲ್ಲ, ರಾಜ್ಯಪಾಲರು ಕೊಡೋ ಪ್ರಶಸ್ತಿ, ಇಷ್ಟು ಹಂತ ದಾಟಿ ಪರೀಕ್ಷಾ ಶಿಬಿರದಲ್ಲಿ ಪಾಸಾದ ಮೇಲೆ ಸಿಗೋದು ಅಂತ ಒಂದು ಸಾಲು ಸೇರಿಸಿ. ಇಂಗ್ಲಿಷ್ ಬಗ್ಗೆ ಹೆದರ್ಕೋಬೇಡಿ, ಸರಳ ವಾಕ್ಯದಲ್ಲಿ ಬರೀರಿ, ನಿಮ್ಮ ಶಾಲೆಯ ಇಂಗ್ಲಿಷ್ ಟೀಚರ್‌ಗೆ ಒಮ್ಮೆ ತೋರ್ಸಿ. ಕೊನೇ ದಿನಾಂಕ ಯಾವಾಗ ಅಂತ ಹುಡುಗನ್ನ ಇವತ್ತೇ ಕೇಳಿ ಇಟ್ಕೊಳ್ಳಿ, ಅವರ ಪೋರ್ಟಲ್‌ಗೆ ನೀವೇ ಅಪ್‌ಲೋಡ್ ಮಾಡ್ಬೇಕಾಗ್ಬಹುದು.